ಮೂರನೆಯ ಲಿವರ್: ಹತ್ತು ಯೆನ್ ಆಟದ ಪೆಟ್ಟಿಗೆಯೊಂದರ ರಿಪೇರಿ

ನಾಣ್ಯ ಮೂರನೆಯ ಲಿವರ್ ದಾಟುತ್ತಲೇ ಇರಲಿಲ್ಲ. ಮೇಲಿನ ಕಿಂಡಿಯಲ್ಲಿ ಹತ್ತು ಯೆನ್ ಹಾಕಿದರೆ ಟಣ್ ಅಂತ ಬಂದು ಮೊದಲ ಲಿವರ್ ಪಕ್ಕ ಕೂರುತ್ತಿತ್ತು. ಒಂದನೆಯದು ಸರಿ, ಎರಡನೆಯದೂ ಸರಿ. ಮೂರನೆಯದನ್ನು ಎಳೆದು ಬಿಟ್ಟರೆ ಒಂದು ಗೇಣು ಉರುಳಿ, ತಡವರಿಸಿ, ವಾಪಸ್ ಬಂದು ತೂತಿಗೆ ಬೀಳುತ್ತಿತ್ತು. ಎಷ್ಟು ಜೋರಾಗಿ ಎಳೆದರೂ ಅಷ್ಟೇ. ಪೆಟ್ಟಿಗೆ ಮನೆಗೆ ಬಂದ ದಿನ ನಾನು ಮತ್ತು ಮಗಳು ಸೇರಿ ನಲವತ್ತು ನಾಣ್ಯವಾದರೂ ಹಾಕಿರಬೇಕು. ಒಂದೂ ದಾಟಲಿಲ್ಲ.

ನಾವಿರುವುದು ಟೋಕಿಯೋದ ನಿಶಿ ಕಸಾಯ್‌ನಲ್ಲಿ. ಇಲ್ಲಿ ಭಾರತದವರು ಜಾಸ್ತಿ. ಅಕ್ಕಿಹಿಟ್ಟು, ಕರಿಬೇವು ಎಲ್ಲ ಸಿಗುತ್ತದೆ. ಆದರೆ ಈ ಪೆಟ್ಟಿಗೆ ಇಟ್ಟುಕೊಂಡ ಅಂಗಡಿಗಳು ಮಾತ್ರ ಈಗ ಹುಡುಕಿದರೂ ಸಿಗುವುದು ಕಷ್ಟ. ಅವುಗಳಿಗೆ ದಗಾಶಿಯಾ ಎನ್ನುತ್ತಾರೆ. ಶಾಲೆ ಬಿಟ್ಟ ಮಕ್ಕಳು ಚಿಲ್ಲರೆ ಹಿಡಿದು ಓಡಿ ಬರುವ ಸಣ್ಣ ಮಿಠಾಯಿ ಅಂಗಡಿ. ಬಿಳಿ ಸಕ್ಕರೆ ದುಬಾರಿಯಾಗಿದ್ದ ಎದೊ ಕಾಲದಲ್ಲಿ (1603ರಿಂದ 1868) ಕಪ್ಪು ಸಕ್ಕರೆಯಿಂದ ಮಾಡಿ ಒಂದು ಮೋನ್ ನಾಣ್ಯಕ್ಕೆ ಮಾರುತ್ತಿದ್ದ ತಿನಿಸಿನಿಂದ ಶುರುವಾದ ಪರಂಪರೆ ಇದು. ಸಾಮಾನ್ಯವಾಗಿ ಒಬ್ಬರು ಅಜ್ಜಿ ಗಲ್ಲಾದಲ್ಲಿ ಕೂತಿರುತ್ತಿದ್ದರು. ಅಂಗಡಿಯ ಮುಂದೆ, ಸೂರಿನ ಕೆಳಗೆ, ಇಂಥ ಒಂದೆರಡು ಪೆಟ್ಟಿಗೆ ನಿಂತಿರುತ್ತಿದ್ದವು. ಮಕ್ಕಳ ಎತ್ತರಕ್ಕೆ ಸರಿಯಾಗಿ.

ಆಟ ತುಂಬಾ ಸರಳ. ನೀವು ಹಾಕಿದ ನಾಣ್ಯವೇ ಆಟದ ಕಾಯಿ. ಅದು ಹಿಂದಿನ ಹಲಗೆ ಮತ್ತು ಮುಂದಿನ ಅಕ್ರಿಲಿಕ್ ಹಾಳೆಯ ನಡುವಿನ ಸಂದಿಯಲ್ಲಿ ಅಂಚಿನ ಮೇಲೆ ನಿಂತು ಉರುಳುತ್ತದೆ. ಎಡಕ್ಕೊಂದು, ಬಲಕ್ಕೊಂದು ಲಿವರ್. ಎಳೆದು ಬಿಟ್ಟರೆ ಸ್ಪ್ರಿಂಗ್ ಕಟ್ಟಿದ ಹ್ಯಾಮರ್ ನಾಣ್ಯದ ಬೆನ್ನಿಗೆ ಬಡಿಯುತ್ತದೆ. ಹಳಿಯಲ್ಲಿ ತೂತುಗಳಿವೆ. ಮೆಲ್ಲಗೆ ಹೊಡೆದರೆ ಮೊದಲ ತೂತಿಗೆ. ಜೋರಾಗಿ ಹೊಡೆದರೆ ಆಚೆ ಗೋಡೆಗೆ ಬಡಿದು ಹಿಂದಕ್ಕೆ ಬಂದು ಕೊನೆಯ ತೂತಿಗೆ. ಹದವಾಗಿ ಹೊಡೆದರೆ ಮಾತ್ರ ಕೆಳಗಿನ ಲಿವರ್‌ಗೆ ಇಳಿಯುತ್ತದೆ. ಹೀಗೆ ಹಾವಿನ ಹಾಗೆ ಆ ಕಡೆ ಈ ಕಡೆ ಇಳಿದು ಗುರಿ ಮುಟ್ಟಿದರೆ ಒಂದು ಪುಟ್ಟ ಚೀಟಿ ಹೊರಗೆ ಬರುತ್ತದೆ. ಚೀಟಿ ಕೊಟ್ಟರೆ ಅಜ್ಜಿ ಮಿಠಾಯಿ ಕೊಡುತ್ತಾರೆ. ಗೆದ್ದರೂ ಸೋತರೂ ನಾಣ್ಯ ಮಾತ್ರ ಒಳಗಿನ ಡಬ್ಬಿಗೆ.

ಕೇರಂ ಆಡಿ ಬೆಳೆದವರಿಗೆ ಇದು ಬಹಳ ಬೇಗ ಹಿಡಿಸುತ್ತದೆ. ಸ್ಟ್ರೈಕರ್‌ಗೆ ಎಷ್ಟು ಜೋರು ಬೇಕು ಅಂತ ಬೆರಳಿಗೆ ಗೊತ್ತಾಗುತ್ತದಲ್ವಾ, ಇಲ್ಲೂ ಅದೇ ಲೆಕ್ಕ.

1970ರ ದಶಕ ಇವುಗಳ ಸುಗ್ಗಿ. ಇವುಗಳಲ್ಲಿ ಎಲ್ಲರಿಗೂ ನೆನಪಿರುವುದು ಕೊಮಾಯಾ ಕಂಪನಿಯ ಶಿಂಕಾನ್ಸೆನ್ ಗೇಮ್. ಬುಲೆಟ್ ರೈಲಿನ ದಾರಿಯಲ್ಲಿ ನಾಣ್ಯವನ್ನು ಊರಿಂದ ಊರಿಗೆ ಸಾಗಿಸುವ ಆಟ. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯ ವಿಷಯ ಸಿಗುತ್ತಿರಲಿಲ್ಲ. 1964ರ ಅಕ್ಟೋಬರ್ 1ರಂದು ಟೋಕಿಯೋದಿಂದ ಶಿನ್ ಒಸಾಕಾಗೆ ರೈಲು ಶುರುವಾಯಿತು. 1972ರಲ್ಲಿ ಒಕಾಯಾಮಾ ಮುಟ್ಟಿತು. 1975ರ ಮಾರ್ಚ್‌ನಲ್ಲಿ ಹಕಾತಾವರೆಗೂ ಹೋಯಿತು. ಅದರ ಟಿಕೆಟ್ ಕೊಳ್ಳಲು ಎಲ್ಲ ಮನೆಯವರಿಗೂ ಆಗುತ್ತಿರಲಿಲ್ಲ. ಹತ್ತು ಯೆನ್ ಇದ್ದ ಮಗುವಿಗೆ ಅಂಗಡಿಯ ಮುಂದೆಯೇ ಆ ಪ್ರಯಾಣ ಸಿಗುತ್ತಿತ್ತು.

ನನ್ನ ಪೆಟ್ಟಿಗೆಯ ಮೇಲೂ ಗುಂಡು ಮೂಗಿನ ಬಿಳಿ ನೀಲಿ ರೈಲಿದೆ. ಆದರೆ ತಯಾರಕರ ಫಲಕ ಕಿತ್ತುಹೋಗಿದೆ, ನಾಲ್ಕು ಮೊಳೆ ತೂತು ಮಾತ್ರ ಉಳಿದಿವೆ. ಹಾಗಾಗಿ ಇದು ಯಾರದ್ದು ಅಂತ ನಾನು ಹೇಳಲು ಹೋಗುವುದಿಲ್ಲ. ಆರು ಲಿವರ್, ತಗಡಿನ ಹೊರಮೈ, ನನ್ನ ಎದೆಮಟ್ಟ ಎತ್ತರ. ಆನ್‌ಲೈನ್ ಹರಾಜಿನಲ್ಲಿ ‘ಜಂಕು’ ಎಂಬ ಪಟ್ಟಿಯಲ್ಲಿತ್ತು. ದೀಪ ಉರಿಯುತ್ತದೆ ಎಂದು ಮಾರಿದವರು ಬರೆದಿದ್ದರು. ದೀಪ ಉರಿಯಲಿಲ್ಲ.

ಮೊದಲ ಶನಿವಾರ: ಬಿಚ್ಚುವುದು

ಹಿಂದಿನ ಬಾಗಿಲ ಬೀಗದ ಕೀ ಇರಲಿಲ್ಲ. ಬೀಗವನ್ನು ಕೊರೆದು ತೆಗೆಯಬೇಕಾಯಿತು. ಒಳಗೆ ಧೂಳು, ಒಣಗಿದ ಜೇಡನ ಬಲೆ, ಮಿಠಾಯಿ ಕಾಗದದ ಒಂದು ಚೂರು.

ಸ್ಕ್ರೂ ಬಗ್ಗೆ ಒಂದು ಮಾತು. ಜಪಾನಿನ ಹಳೆಯ ಯಂತ್ರದ ಸ್ಕ್ರೂ ನೋಡಲು ನಮ್ಮ ಸ್ಟಾರ್ ಸ್ಕ್ರೂ ಹಾಗೇ ಇರುತ್ತದೆ. ಆದರೆ ಅದು ಜಪಾನಿನ ಜಿಸ್ ಅಳತೆಯದ್ದು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಮೊನೆ ಪೂರ್ತಿ ಒಳಗೆ ಕೂರುವುದಿಲ್ಲ, ಜಾರುತ್ತದೆ, ತಲೆ ತಿಂದುಹೋಗುತ್ತದೆ. ಎರಡು ಸ್ಕ್ರೂ ಹಾಳಾದ ಮೇಲೆ ಜಿಸ್ ಸ್ಕ್ರೂಡ್ರೈವರ್ ತಂದೆ. ಉಳಿದದ್ದೆಲ್ಲ ಸಲೀಸಾಗಿ ಬಂದವು. ಹಳೆಯ ಜಪಾನಿ ಬೈಕ್ ಬಿಚ್ಚುವವರಿಗೂ ಈ ಮಾತು ಉಪಯೋಗಕ್ಕೆ ಬರುತ್ತದೆ.

ದೀಪದ ಕಥೆ ಬೇರೆ. ಪ್ಲಗ್ ಹಾಕಿದಾಗ ಟ್ಯೂಬ್‌ಲೈಟಿನ ಚೋಕ್ ಗುಂಯ್ ಅನ್ನುತ್ತಿತ್ತು, ಹತ್ತು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿ. ತಕ್ಷಣ ಪ್ಲಗ್ ಕಿತ್ತೆ. ಟಾರ್ಚ್ ಹಿಡಿದು ಚೋಕಿನ ಮೇಲಿನ ಚೀಟಿ ಓದಿದೆ. ‘100 ವೋಲ್ಟ್, 60 ಹರ್ಟ್ಸ್’. ವಿಷಯ ಗೊತ್ತಾಯಿತು.

ಜಪಾನಿನಲ್ಲಿ ಕರೆಂಟು ಎರಡು ಬಗೆ. 19ನೇ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದ 50 ಹರ್ಟ್ಸ್ ಜನರೇಟರ್ ತಂದರು, ಒಸಾಕಾದವರು ಅಮೆರಿಕದಿಂದ 60 ಹರ್ಟ್ಸ್‌ನದ್ದು ತಂದರು. ಅದು ಇವತ್ತಿಗೂ ಹಾಗೇ ಉಳಿದಿದೆ. ಸುಮಾರಾಗಿ ಫುಜಿ ನದಿಯಿಂದ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ಹಾಗಾದರೆ ನನ್ನ ಪೆಟ್ಟಿಗೆ ದುಡಿದದ್ದು ಪಶ್ಚಿಮದ ಯಾವುದೋ ಊರಿನಲ್ಲಿ. 60ಕ್ಕೆ ಮಾಡಿದ ಚೋಕನ್ನು 50ಕ್ಕೆ ಹಾಕಿದರೆ ಅದು ಕರೆಂಟನ್ನು ತಡೆಯುವುದು ಕಡಿಮೆಯಾಗುತ್ತದೆ, ಜಾಸ್ತಿ ಕರೆಂಟ್ ಹರಿದು ಕಾಯುತ್ತದೆ. ಇನ್ನೊಂದು ಗಂಟೆ ಬಿಟ್ಟಿದ್ದರೆ ಸುತ್ತಿದ ತಂತಿಯ ಹೊದಿಕೆ ಕರಗಬಹುದಿತ್ತು.

ಚಿತ್ರದಲ್ಲಿರುವ ಆ ರೈಲಿಗೂ ಇದೇ ತೊಂದರೆ ಎದುರಾಗಿತ್ತು. ಟೋಕಿಯೋ-ಒಸಾಕಾ ಶಿಂಕಾನ್ಸೆನ್ ಉದ್ದಕ್ಕೂ 60 ಹರ್ಟ್ಸ್‌ನಲ್ಲೇ ಓಡುತ್ತದೆ. ಟೋಕಿಯೋ ಕಡೆಯ 50 ಹರ್ಟ್ಸ್ ಕರೆಂಟನ್ನು 60ಕ್ಕೆ ಬದಲಿಸಿ ಕೊಡಲು ದಾರಿಯಲ್ಲಿ ಪ್ರತ್ಯೇಕ ಕೇಂದ್ರಗಳನ್ನೇ ಕಟ್ಟಿದ್ದಾರೆ. ನನ್ನ ಮನೆಯಲ್ಲಿ ಅಂಥ ಕೇಂದ್ರ ಇಲ್ಲ. ಟ್ಯೂಬು, ಚೋಕು, ಸ್ಟಾರ್ಟರ್ ಮೂರನ್ನೂ ತೆಗೆದು ಕವರಿನಲ್ಲಿ ಹಾಕಿ ಹೆಸರು ಬರೆದು ಪೆಟ್ಟಿಗೆಯ ತಳದಲ್ಲೇ ಇಟ್ಟೆ. ಮುಂದೆ ಯಾರಾದರೂ ಇದನ್ನು ಒಸಾಕಾಗೆ ಒಯ್ದರೆ ಮತ್ತೆ ಹಾಕಬಹುದು. ಜಾಗಕ್ಕೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಹಾಕಿದೆ. ಬಣ್ಣ ಬೆಚ್ಚನೆಯ ಬಿಳಿ. ತಣ್ಣನೆಯ ಬಿಳಿ ಹಾಕಿದಾಗ ರೈಲಿನ ನೀಲಿ ಸತ್ತಂತೆ ಕಾಣುತ್ತಿತ್ತು.

ಕಿಲುಬು

ಹಳಿಯ ಮೇಲೆ ಕಪ್ಪು ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು. ನಾಣ್ಯದ ಕಿಲುಬು ಅದು. ಹತ್ತು ಯೆನ್ ನಾಣ್ಯ ಕಂಚಿನದ್ದು. 95 ಪಾಲು ತಾಮ್ರ, ಉಳಿದದ್ದು ಸತು ಮತ್ತು ತವರ. ಅಗಲ 23.5 ಮಿಲಿಮೀಟರ್, ತೂಕ 4.5 ಗ್ರಾಂ. ಒಂದು ಕಡೆ ಉಜಿಯ ಬ್ಯೋದೋಇನ್ ಗುಡಿಯ ಫೀನಿಕ್ಸ್ ಮಂಟಪ. ಸಾವಿರಾರು ಮಕ್ಕಳ ಕೈಬೆವರು, ಧೂಳು, ತಾಮ್ರ ಎಲ್ಲ ಸೇರಿ ವರ್ಷಗಟ್ಟಲೆ ಕೂತಿದೆ. ನಾಣ್ಯ ಇದರ ಮೇಲೆ ಉರುಳುವಾಗ ಕೆಸರಲ್ಲಿ ಸೈಕಲ್ ಹೊಡೆದ ಹಾಗೆ.

ಹಳಿಗಳನ್ನು ಒಂದೊಂದಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದೆ. ಇಲ್ಲಿ ಚಳಿಗಾಲದ ಹೀಟರಿಗೆ ಪೆಟ್ರೋಲ್ ಬಂಕಿನಲ್ಲೇ ಸೀಮೆಎಣ್ಣೆ ಸಿಗುತ್ತದೆ. ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ತೀರಾ ನುಣ್ಣನೆಯ ಎಮರಿ ಪೇಪರ್‌ನಿಂದ ಒಂದೇ ದಿಕ್ಕಿಗೆ ನಾಲ್ಕು ಸಲ ಎಳೆದೆ. ಕೇರಂ ಬೋರ್ಡಿನ ಅಭ್ಯಾಸಬಲ, ಸ್ವಲ್ಪ ಬೋರಿಕ್ ಪೌಡರ್ ಉದುರಿಸೋಣ ಅನ್ನಿಸಿತು. ಉದುರಿಸಲಿಲ್ಲ. ನಿಂತ ಪೆಟ್ಟಿಗೆಯಲ್ಲಿ ಪುಡಿ ಇಳಿದು ಸ್ವಿಚ್ಚಿನೊಳಗೆ ಹೋಗುತ್ತದೆ. ಎಣ್ಣೆಯೂ ಬೇಡ. ಎಣ್ಣೆ ಧೂಳು ಹಿಡಿಯುತ್ತದೆ. ಹಳಿ ಒಣಗಿಯೇ ಇರಬೇಕು. ಗ್ರೀಸು ಲಿವರ್‌ನ ಕೀಲಿಗೆ ಮಾತ್ರ, ಅದೂ ಕಡ್ಡಿ ತುದಿಯಷ್ಟು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಹಿಂದಿನ ಹಲಗೆಯ ಬಣ್ಣದ ಚಿತ್ರವನ್ನು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಹತ್ತಿಯಲ್ಲಿ ಒರೆಸುತ್ತಿದ್ದೆ. ಚೆನ್ನಾಗಿ ಬರುತ್ತಿತ್ತು. ಕೆಳಗಿನ ಮೂಲೆಯಲ್ಲಿ ಸ್ಟಿಕ್ಕರಿನ ಅಂಟು ಹೋಗಲಿಲ್ಲ ಅಂತ ಆಲ್ಕೋಹಾಲ್ ಹಾಕಿದೆ. ಹತ್ತಿ ಕೆಂಪಾಯಿತು. ಒಂದು ನಾಣ್ಯದಗಲ ಬಣ್ಣ ಎದ್ದುಬಂದಿತ್ತು. ಐವತ್ತು ವರ್ಷ ಬಾಳಿದ ಬಣ್ಣವನ್ನು ಎರಡು ಸೆಕೆಂಡಿನಲ್ಲಿ ಅಳಿಸಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಬಣ್ಣ ತುಂಬಿಲ್ಲ, ಹಾಗೇ ಬಿಟ್ಟಿದ್ದೇನೆ. ಅಕ್ರಿಲಿಕ್ ಹಾಳೆಗೂ ಆಲ್ಕೋಹಾಲ್ ಆಗುವುದಿಲ್ಲ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋಪು ನೀರು, ಮೆತ್ತನೆ ಬಟ್ಟೆ, ಅಷ್ಟು ಸಾಕು.

ಆರು ಹೊಸ ಸ್ಪ್ರಿಂಗ್

ಇಷ್ಟೆಲ್ಲ ಆದ ಮೇಲೂ ಮೂರನೆಯ ಲಿವರ್ ದಾಟಲಿಲ್ಲ. ಸ್ಪ್ರಿಂಗ್ ಸೊರಗಿದೆ ಅಂತ ತೀರ್ಮಾನಿಸಿದೆ. ತಪ್ಪಲ್ಲ, ಮೂರನೆಯದು ನಿಜಕ್ಕೂ ಉದ್ದವಾಗಿ ಜೋತುಬಿದ್ದಿತ್ತು. ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಅಕಿಹಬಾರಾ ಪೇಟೆಗೆ ಹೋದವನು ಮೈಕ್ರೋಸ್ವಿಚ್ ಜೊತೆಗೆ ಆರು ಸ್ಪ್ರಿಂಗ್ ತಂದೆ. ಎಲ್ಲ ಒಂದೇ ಅಳತೆ, ಒಂದೇ ತಂತಿ. ಆರನ್ನೂ ಬದಲಾಯಿಸಿದೆ. ಹಳೆಯದರ ಜೊತೆ ಹೊಸದು ಸೇರಿಸಿದರೆ ಹೊಂದುವುದಿಲ್ಲ ಎಂದುಕೊಂಡಿದ್ದೆ.

ಆಟ ಕೆಟ್ಟುಹೋಯಿತು. ನಾಣ್ಯ ಬಾಣದ ಹಾಗೆ ಹೋಗಿ ಗೋಡೆಗೆ ಬಡಿದು ಹಿಂದೆ ಬರುತ್ತಿತ್ತು. ಮೆಲ್ಲಗೆ ಹೊಡೆಯೋಣ ಅಂದರೆ ಲಿವರ್ ಅಷ್ಟು ಗಟ್ಟಿ. ಅದನ್ನಾದರೂ ರೂಢಿ ಮಾಡಿಕೊಳ್ಳಬಹುದಿತ್ತು. ಬೇಜಾರಾದದ್ದು ಬೇರೆ ಕಾರಣಕ್ಕೆ. ಆರೂ ಲಿವರ್ ಒಂದೇ ತರ ಆಗಿದ್ದವು. ಒಂದರಲ್ಲಿ ಹದ ಸಿಕ್ಕರೆ ಎಲ್ಲದರಲ್ಲೂ ಸಿಕ್ಕಿತು. ಮಗಳು ಹತ್ತು ನಾಣ್ಯ ಆಡಿ, “ಅಪ್ಪಾ, ಮೊದಲು ಎರಡನೇದು ಒಂಥರಾ ಜಾರುತ್ತಿತ್ತು. ಅದೇ ಚೆನ್ನಾಗಿತ್ತು” ಎಂದು ಎದ್ದು ಹೋದಳು.

ಅವಳ ಮಾತು ತಲೆಯಲ್ಲಿ ಉಳಿಯಿತು. ಮುಂದಿನ ಭಾನುವಾರ ಇಬ್ಬರೂ ಇತಬಾಶಿ ವಾರ್ಡಿನ ದಗಾಶಿಯಾ ಗೇಮ್ ಮ್ಯೂಸಿಯಮ್‌ಗೆ ಹೋದೆವು. ಹಳೆಯ ಮಿಠಾಯಿ ಅಂಗಡಿಗಳ ಆಟದ ಯಂತ್ರಗಳನ್ನು ಒಟ್ಟುಮಾಡಿ, ಆಡುವ ಸ್ಥಿತಿಯಲ್ಲಿ ಇಟ್ಟಿರುವ ಜಾಗ ಅದು. ಸಣ್ಣ ಜಾಗ, ಗೋಡೆಗೆ ಗೋಡೆ ಯಂತ್ರ. ನಾನು ಅಲ್ಲಿ ಗೆಲ್ಲಲು ಆಡಲಿಲ್ಲ. ಕಣ್ಣು ಮುಚ್ಚಿ ಲಿವರ್ ಎಳೆದು ನೋಡಿದೆ. ಒಂದು ಯಂತ್ರದ ಮೊದಲ ಲಿವರ್ ಬೆಣ್ಣೆ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಬಿಗಿಯಾಗುತ್ತದೆ. ಇನ್ನೊಂದು ಕೊನೆಯಲ್ಲಿ ಸ್ವಲ್ಪ ನಡುಗುತ್ತದೆ. ಎಲ್ಲವೂ ಬೇರೆ ಬೇರೆ. ಅಲ್ಲಿ ಒಂದು ಹುಡುಗ ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಂತಿದ್ದ. ನಾಲ್ಕನೆಯ ಲಿವರ್ ಬಂದಾಗ ಮಾತ್ರ ಹಿಡಿಯುವ ಬೆರಳನ್ನು ಬದಲಾಯಿಸುತ್ತಿದ್ದ.

ಮನೆಗೆ ಬಂದು ಹಿಂದಿನ ಬಾಗಿಲು ತೆಗೆದು, ಸುಮ್ನೆ ಟಾರ್ಚ್ ಬಿಟ್ಟುಕೊಂಡು ಕೂತೆ. ಆಗ ಕಂಡಿತು. ಪ್ರತಿ ಲಿವರ್ ಪಕ್ಕದ ತಗಡಿನಲ್ಲಿ, ಸ್ಪ್ರಿಂಗಿನ ಕೊಂಡಿ ಸಿಕ್ಕಿಸುವ ಕಡೆ, ಒಂದಲ್ಲ ಮೂರು ತೂತುಗಳಿದ್ದವು. ನಾನು ಎಲ್ಲವನ್ನೂ ಕಣ್ಣಿಗೆ ಮೊದಲು ಕಂಡ ತೂತಿಗೇ ಸಿಕ್ಕಿಸಿದ್ದೆ. ಧೂಳು ಒರೆಸಿದರೆ ತೂತುಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಗುರುತು. ಮೂರನೆಯ ಲಿವರ್ ಹತ್ತಿರ ಜಪಾನಿನ ಕಾಂಜಿ ಲಿಪಿಯಲ್ಲಿ ‘ಜೋರು’. ಐದನೆಯದರ ಹತ್ತಿರ ‘ಮೆದು’. ಎರಡನೆಯದರ ಹತ್ತಿರ ಏನೋ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿದ್ದಾರೆ.

ಯಾರೋ ಇದನ್ನು ಹದ ಮಾಡಿದ್ದರು. ಇಂಥ ಯಂತ್ರಗಳನ್ನು ಅಂಗಡಿಗಳಲ್ಲಿ ಇಟ್ಟು, ಆಗಾಗ ಬಂದು ಡಬ್ಬಿ ಖಾಲಿ ಮಾಡಿ, ಅಂಗಡಿಯವರಿಗೆ ಪಾಲು ಕೊಡುತ್ತಿದ್ದ ಓಡಾಡುವ ವ್ಯಾಪಾರಿಗಳಿದ್ದರು. ಬರೆದವರು ಅವರೇ ಇರಬಹುದು, ಅಂಗಡಿಯವರೇ ಇರಬಹುದು. ಆಟ ತೀರಾ ಸುಲಭವಾದರೆ ಮಿಠಾಯಿ ಖಾಲಿ. ತೀರಾ ಕಷ್ಟವಾದರೆ ಮಕ್ಕಳು ಬರುವುದಿಲ್ಲ. ಪಚಿಂಕೋ ಅಂತ ಇಲ್ಲೊಂದು ಆಟವಿದೆ, ಮೊಳೆಗಳ ನಡುವೆ ಉಕ್ಕಿನ ಗುಂಡು ಚಿಮ್ಮಿಸುವುದು. ಅದರಲ್ಲಿ ಮೊಳೆಗಳನ್ನು ಕೂದಲೆಳೆಯಷ್ಟು ಬಗ್ಗಿಸಿ ಹದ ಮಾಡುವವರಿಗೆ ಕುಗಿಶಿ ಅನ್ನುತ್ತಾರೆ, ಅದೇ ಒಂದು ಕಸುಬು. ಪಚಿಂಕೋದಲ್ಲೂ 1970ರ ದಶಕದಲ್ಲಿ ಮೋಟಾರಿನ ಹಿಡಿಕೆ ಬರುವವರೆಗೆ ಪ್ರತಿ ಗುಂಡನ್ನೂ ಹೆಬ್ಬೆರಳಿನಿಂದ ಲಿವರ್ ಒತ್ತಿ ಚಿಮ್ಮಿಸಬೇಕಿತ್ತು. ಹತ್ತು ಯೆನ್ ಪೆಟ್ಟಿಗೆ ಆ ಬೆರಳಿನ ಆಟದ ಸಣ್ಣ ತಮ್ಮ.

ಐದು ಹಳೆಯ ಸ್ಪ್ರಿಂಗುಗಳನ್ನು ಎಸೆದಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅವೇ ಜಾಗಕ್ಕೆ ಹಾಕಿದೆ. ಯಾವುದು ಎಲ್ಲಿಯದು ಅಂತ ಬಿಚ್ಚುವಾಗ ಫೋಟೋ ತೆಗೆದಿದ್ದು ಪುಣ್ಯ. ಮೂರನೆಯದಕ್ಕೆ ಮಾತ್ರ ಹೊಸದು. ಅಕಿಹಬಾರಾದಿಂದ ತಂದ ಸ್ಪ್ರಿಂಗ್ ತೀರಾ ಬಿಗಿ, ಆದ್ದರಿಂದ ಅದಕ್ಕಿಂತ ತೆಳ್ಳನೆಯ ತಂತಿಯದ್ದು ಇನ್ನೊಂದು ತಂದು ‘ಜೋರು’ ಎಂದು ಬರೆದ ತೂತಿಗೆ ಸಿಕ್ಕಿಸಿದೆ. ಹ್ಯಾಮರಿನ ತುದಿಯ ರಬ್ಬರ್ ಕಲ್ಲಾಗಿತ್ತು. ಅದಕ್ಕೂ ಹೊಸ ರಬ್ಬರ್.

ಆದರೂ ನಾಣ್ಯ ಎಡವುತ್ತಿತ್ತು. ಅಸಲಿ ಕಾರಣ ಸಿಕ್ಕಿದ್ದು ಕೊನೆಗೆ. ಅಕ್ರಿಲಿಕ್ ಹಾಳೆ ಮೂರನೆಯ ಹಳಿಯ ನಡುವೆ ಒಳಕ್ಕೆ ಉಬ್ಬಿತ್ತು. ಸಂದಿಯ ಅಗಲ ನೋಡಲು ನಾಣ್ಯವನ್ನೇ ಅರ್ಧ ಕತ್ತರಿಸಿ ಅಳತೆಗೋಲು ಮಾಡೋಣ ಎಂದುಕೊಂಡೆ, ಆದರೆ ಇಲ್ಲಿ ನಾಣ್ಯ ಹಾಳುಮಾಡುವುದು ಅಪರಾಧ, ಅದಕ್ಕೆಂದೇ 1947ರ ಕಾನೂನಿದೆ. ಹಿತ್ತಾಳೆ ತಗಡಿನಲ್ಲಿ 23.5 ಮಿಲಿಮೀಟರ್ ಬಿಲ್ಲೆ ಕತ್ತರಿಸಿ, ದಾರ ಕಟ್ಟಿ, ಸಂದಿಯಲ್ಲಿ ಇಳಿಬಿಟ್ಟು ಎಳೆದೆ. ಮೂರನೆಯ ಹಳಿಯ ನಡುವೆ ಅದು ತಡೆಯಿತು. ಹಾಳೆಯ ಹಿಂದೆ, ಎರಡು ಬೋಲ್ಟಿನ ಕಡೆ, ಒಂದೊಂದು ತೆಳು ವಾಷರ್ ಹಾಕಿದೆ. ಹಾಳೆ ನೇರವಾಯಿತು.

ನಾಣ್ಯ ಉರುಳಿತು. ತೂತು ಹಾರಿತು. ಟಕ್ ಅಂತ ನಾಲ್ಕನೆಯದಕ್ಕೆ ಇಳಿಯಿತು. ರಾತ್ರಿ ಹನ್ನೊಂದೂವರೆ. ಜೋರಾಗಿ ಕೂಗುವ ಹಾಗಿರಲಿಲ್ಲ.

ಚೀಟಿ

ಗುರಿಯ ಹತ್ತಿರ ನಾಣ್ಯ ಮೈಕ್ರೋಸ್ವಿಚ್ಚಿನ ಕಡ್ಡಿ ಒತ್ತುತ್ತದೆ. ಕರೆಂಟ್ ಹರಿದಾಗ ಸರಳನ್ನು ಎಳೆಯುವ ಸುರುಳಿ, ಅಂದರೆ ಸೊಲೆನಾಯ್ಡ್, ಒಮ್ಮೆ ಎಳೆಯುತ್ತದೆ. ಚೀಟಿಗಳ ಕಟ್ಟಿನ ಕೆಳಗಿನ ಒಂದು ಹೊರಗೆ ಜಾರುತ್ತದೆ. ಸ್ವಿಚ್ ಬದಲಾಯಿಸಿದ ಕೂಡಲೇ ಕೆಲಸ ಮಾಡಿತು. ಹಳೆಯ ಚೀಟಿ ಒಂದೂ ಇರಲಿಲ್ಲ. ಮಗಳು ದಪ್ಪ ಕಾಗದದಲ್ಲಿ ಐವತ್ತು ಕತ್ತರಿಸಿ, ಒಂದು ಕಡೆ ಜಪಾನಿನ ಕತಕಾನಾ ಲಿಪಿಯಲ್ಲಿ ‘ಅತಾರಿ’ (ಗೆಲುವು), ಇನ್ನೊಂದು ಕಡೆ ಕನ್ನಡದಲ್ಲಿ ‘ಗೆದ್ದೆ’ ಎಂದು ಬರೆದಳು.

ಈ ಪೆಟ್ಟಿಗೆಗಳು ಬೀದಿಯಿಂದ ಮರೆಯಾಗಲು ಒಂದೇ ಕಾರಣ ಇಲ್ಲ. 1978ರಲ್ಲಿ ತೈತೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಬಂತು, ಅದರ ಆಟಕ್ಕೆ ನೂರು ಯೆನ್. ಪರದೆಯ ಆಟ ನೋಡಿದ ಮಕ್ಕಳ ಕಣ್ಣು ಆ ಕಡೆ ಹೋಯಿತು. 1983ರಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೋದ ಫ್ಯಾಮಿಕಾಮ್ ಮನೆಯೊಳಗೇ ಬಂತು. 1989ರ ಏಪ್ರಿಲ್‌ನಲ್ಲಿ ಶೇಕಡಾ 3 ಬಳಕೆ ತೆರಿಗೆ ಶುರುವಾದಾಗ ಹತ್ತು ಯೆನ್ ಮಿಠಾಯಿಯ ಸರಳ ಲೆಕ್ಕವೂ ಕೆಟ್ಟಿತು. ಮಕ್ಕಳೂ ಕಡಿಮೆಯಾದರು, ಅಂಗಡಿಯ ಅಜ್ಜಿಯರಿಗೂ ವಯಸ್ಸಾಯಿತು. ಅಂಗಡಿ ಮುಚ್ಚಿದಾಗ ಭಾರದ ತಗಡಿನ ಪೆಟ್ಟಿಗೆಯನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ.

ನಮ್ಮ ಮಹಡಿಯಲ್ಲೇ ಒಬ್ಬರು ಹಿರಿಯರಿದ್ದಾರೆ, ಎಪ್ಪತ್ತರ ಹತ್ತಿರ. ಒಸಾಕಾ ಕಡೆಯವರು. ಲಿಫ್ಟಿನಲ್ಲಿ ಮಾತಿಗೆ ಮಾತು ಬಂದು ಈ ಪೆಟ್ಟಿಗೆಯ ವಿಷಯ ಹೇಳಿದ್ದೆ. ಕಳೆದ ಶನಿವಾರ ಸಂಜೆ ಬಂದರು. ಕೈಯಲ್ಲಿ ಒಂದು ಪುಟ್ಟ ಚೀಲ, ಅದರ ತುಂಬ ಹತ್ತು ಯೆನ್. ಅದರಲ್ಲಿ ಕೆಲವು ಗಿಜಾಜೂ. ಅಂದರೆ 1951ರಿಂದ 1958ರವರೆಗೆ ಟಂಕಿಸಿದ, ಅಂಚಿನಲ್ಲಿ ಗೀರು ಇರುವ ನಾಣ್ಯ. 1959ರಿಂದ ಅಂಚು ನುಣುಪು. ಅವರು ಮೊದಲು ಗೀರಿನ ನಾಣ್ಯವನ್ನೇ ಹಾಕಿದರು. ಬೆನ್ನು ಬಗ್ಗಿಸಿ, ಮಗುವಿನ ಎತ್ತರಕ್ಕೆ ಬಂದು, ಎರಡು ಬೆರಳ ತುದಿಯಲ್ಲಿ ಲಿವರ್ ಹಿಡಿದರು.

ಒಂದು, ಎರಡು. ಮೂರನೆಯದು ದಾಟಿತು. ನಾಲ್ಕು. ಐದನೆಯದನ್ನು ಅವರು ತುಂಬಾ ನಿಧಾನವಾಗಿ ಎಳೆದು ಬಿಟ್ಟರು. ನಾಣ್ಯ ತೂತಿನ ಅಂಚಿನವರೆಗೂ ಹೋಗಿ, ಒಂದು ಕ್ಷಣ ನಿಂತು, ಒಳಗೆ ಬಿತ್ತು.

“ಅದು ಸ್ವಲ್ಪ ಮೆದು ಇದೆ,” ಎಂದೆ. “ಕೊಂಡಿ ಒಂದು ತೂತು ಮುಂದೆ ಹಾಕಿದರೆ ಸರಿಹೋಗುತ್ತೆ.”

ಅವರು ಚೀಲದಿಂದ ಇನ್ನೊಂದು ನಾಣ್ಯ ತೆಗೆದರು. “ಬೇಡ ಬೇಡ, ಅದನ್ನು ಮುಟ್ಟಬೇಡಿ,” ಎಂದರು. “ನನಗೆ ಈಗ ಗೊತ್ತಾಯಿತು.”

ಏಳನೆಯ ನಾಣ್ಯಕ್ಕೆ ಚೀಟಿ ಹೊರಬಂತು. ಮಗಳು ಅಡುಗೆಮನೆಗೆ ಓಡಿ ಡಬ್ಬಿಯಿಂದ ಒಂದು ಕೊಬ್ಬರಿ ಮಿಠಾಯಿ ತಂದು ಕೊಟ್ಟಳು. ಅವರು ಚೀಟಿ ತಿರುಗಿಸಿ, ಆ ಕಡೆಯ ಅಕ್ಷರ ಏನು ಅಂತ ಕೇಳಿದರು. ಅವಳು ಓದಿ ಹೇಳಿದಳು. ಅವರು ಅದನ್ನು ಎರಡು ಸಲ ಅಂದು ನೋಡಿ, ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.